ಕಸೂತಿ ಬಲ್ಲ ಕೈ ಹಗ್ಗ ಹಿಡಿದಾಗ: ಸ್ವಂತ ವಿನ್ಯಾಸ ಎಲ್ಲಿಂದ ಹುಟ್ಟುತ್ತದೆ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಚಿಕ್ಕಂದಿನಲ್ಲಿ ಸೋದರತ್ತೆಯಿಂದ ಕಸೂತಿ ಕಲಿತೆ. ಮದುವೆಯಾದ ಮೇಲೂ ಅಂಗಡಿಯೊಂದಕ್ಕೆ ಸೀರೆ, ಕುಪ್ಪಸಗಳ ಮೇಲೆ ಕಸೂತಿ ಹಾಕಿಕೊಡುತ್ತ ಬಂದಿದ್ದೇನೆ. ಈಚೆಗೆ ಸೆಣಬಿನ ಹಗ್ಗ, ಹತ್ತಿಯ ಹುರಿ ಮತ್ತು ಉಣ್ಣೆ ಸೇರಿಸಿ ಗೋಡೆಗೆ ತೂಗುಹಾಕುವ ದೊಡ್ಡ ಕೃತಿಗಳನ್ನು ಮಾಡತೊಡಗಿದ್ದೇನೆ. ಆದರೆ ಹಾಳೆ, ಪೆನ್ಸಿಲು ಹಿಡಿದು ಕೂತರೆ ಏನೂ ಹೊಳೆಯುವುದಿಲ್ಲ. ಮೊಬೈಲಿನಲ್ಲಿ ಬೇರೆಯವರ ಕೃತಿಗಳನ್ನು ನೋಡಿ ಶುರುಮಾಡಿದರೆ ಕೊನೆಗೆ ನನ್ನದೂ ಅವುಗಳ ಹಾಗೆಯೇ ಕಾಣುತ್ತದೆ. ಗೆಳತಿಯೊಬ್ಬಳು ‘ಇದು ನಕಲು’ ಎಂದೇಬಿಟ್ಟಳು. ಹಾಗಾದರೆ ಕಸೂತಿಯ ಗೋಪುರ, ತೇರುಗಳನ್ನು ಬಳಸಿದರೆ ಅದೂ ನಕಲೇ? ಕಳೆದ ಮಳೆಗಾಲದಲ್ಲಿ ಒಂದು ಕೃತಿ ನಾಲ್ಕು ಬೆರಳಿನಷ್ಟು ಜೋತುಬಿದ್ದು ಆಕಾರವೇ ಕೆಟ್ಟಿತು. ನಾನು ಕಲಾ ಶಾಲೆಗೆ ಸೇರಿ ಚಿತ್ರ ಬರೆಯುವುದನ್ನು ಕಲಿಯಬೇಕೆ? ಊರಿನಲ್ಲಿ ನಡೆಯುವ ಪ್ರದರ್ಶನಕ್ಕೆ ಒಂದು ಕೃತಿ ಕೇಳಿದ್ದಾರೆ, ಕೊಡಲೇ, ಬೇಡವೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆಯಾದರೂ ಅವುಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ ಕಡೆ ಇದೆ ಎಂದು ನನಗನ್ನಿಸುತ್ತದೆ. ಮೊದಲು ಹಾಳೆಯ ಮೇಲೆ ವಿನ್ಯಾಸ ಸಿದ್ಧವಾಗಬೇಕು, ಆಮೇಲೆ ಕೈ ಅದನ್ನು ನೂಲಿನಲ್ಲಿ ನೆರವೇರಿಸಬೇಕು ಎಂದು ನೀವು ನಂಬಿದ್ದೀರಿ. ಹಾಳೆ ಖಾಲಿ ಉಳಿದಾಗ ನಿಮ್ಮಲ್ಲಿ ಕಲ್ಪನೆಯೇ ಇಲ್ಲವೆಂದು ತೀರ್ಮಾನಿಸುತ್ತೀರಿ. ನಾರು, ನೂಲುಗಳ ಕಲೆಯನ್ನು ಬಹುಕಾಲದಿಂದ ಕಲಿಸುತ್ತ ಬಂದಿರುವ ನಾನು ಈ ಮಾತನ್ನು ಕೇಳುವುದು ಹೆಚ್ಚಾಗಿ ಒಳ್ಳೆಯ ಕೈಚಳಕ ಇರುವವರ ಬಾಯಿಂದಲೇ. ಕಾರಣ ಸರಳವಾಗಿದೆ: ಅವರ ಕೈ ವಿನ್ಯಾಸವನ್ನು ಕಲಿತದ್ದು ಗೆರೆ ಎಳೆದಲ್ಲ, ಎಳೆ ಎಣಿಸಿ.

ನಿಮ್ಮ ಕಸೂತಿಯನ್ನೇ ತೆಗೆದುಕೊಳ್ಳಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಅಚ್ಚೊತ್ತುವ ಪದ್ಧತಿ ಇಲ್ಲ. ಬಟ್ಟೆಯ ಹಾಸು (ಉದ್ದದ), ಹೊಕ್ಕು (ಅಡ್ಡದ) ಎಳೆಗಳನ್ನು ಎಣಿಸುತ್ತ ಹೋಗುವುದೇ ನಕ್ಷೆ. ದಾರದ ತುದಿಗೆ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಮ್ಮೆ ಮುಂದೆ ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂಬಂತೆ ಬಿಟ್ಟುಬಿಟ್ಟು ನಡೆಯುತ್ತದೆ. ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಕೊನೆಗೆ ಬಟ್ಟೆಯ ಎರಡೂ ಮೈಯಲ್ಲಿ ಒಂದೇ ಗೆರೆ ಕಾಣುತ್ತದೆ. ಇದು ಸಾಧ್ಯವಾಗಬೇಕಾದರೆ, ಗೋಪುರದ ಬುಡದಲ್ಲಿ ಸೂಜಿ ಚುಚ್ಚುವ ಹೊತ್ತಿಗೇ, ಕಳಶದವರೆಗೆ ಹೋಗಿ ಎಲ್ಲೂ ದಾರ ಕತ್ತರಿಸದೆ ಮರಳುವ ದಾರಿ ಹೆಂಗಸಿನ ಮನಸ್ಸಿನಲ್ಲಿ ಇರಲೇಬೇಕು. ಕವಲೊಡೆಯುವ ಕಡೆ ಮೊದಲು ಯಾವ ಕವಲಿಗೆ ಹೋಗಿ ಬರಬೇಕು, ಯಾವುದನ್ನು ಹಿಂದಿರುಗುವಾಗಿನ ಪಾಲಿಗೆ ಬಿಡಬೇಕು ಎಂಬುದನ್ನು ನೀವು ಸಲೀಸಾಗಿ ನಿರ್ಧರಿಸುತ್ತೀರಿ. ಇಷ್ಟು ತೊಡಕಿನ ಯೋಜನೆಯನ್ನು ದಿನನಿತ್ಯ ಮಾಡುವವರಿಗೆ ವಿನ್ಯಾಸದ ಬುದ್ಧಿ ಇಲ್ಲವೆನ್ನುವ ಮಾತನ್ನು ನಾನು ಒಪ್ಪಲಾರೆ.

ಇದರ ಮುಂದಿನ ಹೆಜ್ಜೆಯಾಗಿ ಕಸೂತಿಯ ನಾಲ್ಕು ಹೊಲಿಗೆಗಳನ್ನು ಗಮನಿಸಿ. ಗವಂತಿ ಅಡ್ಡ, ಉದ್ದ ಮತ್ತು ಓರೆ ಗೆರೆಗಳನ್ನು ಸುಲಭವಾಗಿ ಕೊಡುತ್ತದೆ; ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ; ನೇಗಿ ನೇಯ್ಗೆಯಂತೆ ಮೈತುಂಬುತ್ತದೆ; ಮೆಂತೆ ದಟ್ಟವಾಗಿ ಕೂರುತ್ತದೆ. ದುಂಡನೆಯ ಬಾಗು ಇವುಗಳಿಗೆ ಒಗ್ಗುವುದಿಲ್ಲ. ಆದ್ದರಿಂದಲೇ ಮೆಟ್ಟಿಲು ಮೆಟ್ಟಿಲಾದ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆಗಳು ಕಸೂತಿಯಲ್ಲಿ ಅಷ್ಟು ಸೊಗಸಾಗಿ ನೆಲೆನಿಂತವು. ನಮ್ಮ ಸೀಮೆಯ ಹೆಣ್ಣುಮಕ್ಕಳು ಕಣ್ಣೆದುರು ಕಂಡ ನೂರಾರು ವಸ್ತುಗಳಲ್ಲಿ, ಹೊಲಿಗೆಯ ಸ್ವಭಾವಕ್ಕೆ ಹೊಂದಿಕೆಯಾದುವು ಉಳಿದವು. ಸ್ಫೂರ್ತಿ ಎಂದು ನಾವು ಕರೆಯುವುದು ನಾರಿನ ಕಲೆಯಲ್ಲಿ ಕೆಲಸಮಾಡುವ ರೀತಿ ಇದೇ: ಕಂಡದ್ದು ಮತ್ತು ಕೈಯಲ್ಲಿರುವ ವಸ್ತುವಿನ ಕಟ್ಟು ಇವೆರಡೂ ಸೇರುವ ಜಾಗದಲ್ಲಿ ವಿನ್ಯಾಸ ಹುಟ್ಟುತ್ತದೆ. ಕಸೂತಿಯಲ್ಲಿ ಈ ಜಾಗ ನಿಮಗೆ ಚೆನ್ನಾಗಿ ಗೊತ್ತು. ಹಗ್ಗದಲ್ಲಿ ಇನ್ನೂ ಗೊತ್ತಾಗಿಲ್ಲ, ಏಕೆಂದರೆ ಹಗ್ಗದ ಸ್ವಭಾವ ತಿಳಿಯುವಷ್ಟು ಕಾಲ ಅದರೊಡನೆ ಕಳೆಯುವ ಮೊದಲೇ ಅದರಿಂದ ದೊಡ್ಡ ಚಿತ್ರವೊಂದನ್ನು ಮಾಡಿಸಲು ಹೊರಟಿದ್ದೀರಿ.

ಹಾಳೆಯ ಮೇಲೆ ಚಿತ್ರ ಬರೆಯದೆ ದೊಡ್ಡ ಕೃತಿ ಮಾಡಲು ಸಾಧ್ಯವೇ ಎಂಬ ಅನುಮಾನ ನಿಮಗೆ ಬರಬಹುದು. ನಮ್ಮ ದೇಶದ ನಾರಿನ ಶಿಲ್ಪದಲ್ಲಿ ಅತ್ಯಂತ ಎತ್ತರದ ಹೆಸರಾದ ಮೃಣಾಲಿನಿ ಮುಖರ್ಜಿ (1949–2015) ಹಾಗೆಯೇ ಕೆಲಸಮಾಡಿದವರು. ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಮತ್ತು ಶಿಲ್ಪಿ ಲೀಲಾ ಮುಖರ್ಜಿ ಅವರ ಮಗಳಾದ ಅವರು ಬರೋಡಾದಲ್ಲಿ ಕಲಾವಿದ ಕೆ. ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತರು. ಚಿತ್ರ ಬರೆಯುವ ತರಬೇತಿ ಅವರಿಗೆ ಬೇಕಾದಷ್ಟು ಇತ್ತು. ಆದರೂ 1970ರ ದಶಕದಿಂದ ಹೆಂಪ್ ಎಂಬ ಒರಟು ನಾರಿನ ಹಗ್ಗ ಹಿಡಿದಾಗ ಮುಂಗಡ ರೇಖಾಚಿತ್ರವನ್ನಾಗಲಿ, ಸಣ್ಣ ಮಾದರಿಯನ್ನಾಗಲಿ ಮಾಡದೆ, ಗಂಟಿನ ಮೇಲೆ ಗಂಟು ಹಾಕುತ್ತ, ಕೃತಿ ಬೆಳೆದ ಹಾಗೆ ಅದರ ಆಕಾರವನ್ನು ಕಂಡುಕೊಂಡರು. ಗಂಟು ಕಟ್ಟಿದ ಆ ಮೈ ಮಡಿಕೆಯಾಗುತ್ತದೆ, ತುಟಿಯಂತೆ ಹೊರಚಾಚುತ್ತದೆ, ತನ್ನದೇ ಭಾರದಿಂದ ಬಾಗುತ್ತದೆ. ಆ ಬಾಗನ್ನೇ ಅವರು ಹೂವಿನ ದಳವಾಗಿ, ದೇವತೆಯ ಸೆರಗಾಗಿ ತಿರುಗಿಸಿದರು. 1984ರ ‘ಯಕ್ಷಿ’, 1994ರ ‘ವನಶ್ರೀ’ ಮುಂತಾದ ಆಳೆತ್ತರದ ಕೃತಿಗಳಲ್ಲಿ ಗಿಡಮರಗಳ ಬೆಳವಣಿಗೆ ಮತ್ತು ನಮ್ಮ ದೇಗುಲಗಳ ಶಿಲ್ಪ ಎರಡೂ ಇವೆ, ಆದರೆ ಯಾವುದೊಂದರ ಪಡಿಯಚ್ಚೂ ಅಲ್ಲ. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಕಲಾ ಸಂಗ್ರಹಾಲಯದಲ್ಲಿ ಅವರ ಸಮಗ್ರ ಪ್ರದರ್ಶನ ನಡೆದಾಗ ಹೊರದೇಶದ ಬಹಳ ಜನ ಅವರನ್ನು ಮೊದಲ ಬಾರಿಗೆ ಕಂಡರು. ಅವರ ಕ್ರಮದಲ್ಲಿ ಅಪಾಯವಿಲ್ಲವೆಂದಲ್ಲ. ಒಂದೊಂದು ಕೃತಿ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಗಂಟು ಹಾಕಿದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುವುದು ಎಷ್ಟು ಕಷ್ಟವೆಂಬುದು ನಿಮಗೂ ಗೊತ್ತು. ಅವರಿಗೆ ಅಂಥ ಧೈರ್ಯ ಬಂದದ್ದು ವಸ್ತುವಿನೊಡನೆ ವರ್ಷಗಳ ಒಡನಾಟದಿಂದ. ಆದ್ದರಿಂದ ನಾಳೆಯೇ ಹಾಗೆ ಆರಂಭಿಸಿ ಎಂದು ನಾನು ನಿಮಗೆ ಹೇಳುವುದಿಲ್ಲ.

ಈಗ ಮೊಬೈಲಿನ ಮಾತು. ಬೇರೆಯವರದನ್ನು ನೋಡಿದರೆ ಸ್ವಂತಿಕೆ ಕೆಡುತ್ತದೆ ಎಂಬುದು ಬಹಳ ಜನ ನಂಬಿರುವ ತಪ್ಪು ಕಲ್ಪನೆ. ನೋಡುವುದರಿಂದ ಯಾರೂ ಕೆಟ್ಟಿಲ್ಲ. ತೊಂದರೆ ಇರುವುದು ಆ ಚಿತ್ರ ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದರಲ್ಲಿ. ಅಂಗೈಯಗಲದ ಪರದೆಯಲ್ಲಿ ಕೃತಿಯ ಹೊರಗೆರೆ ಮತ್ತು ಬಣ್ಣ ಮಾತ್ರ ಕಾಣುತ್ತವೆ. ಅದರ ಅಳತೆ, ತೂಕ, ಹಿಂಬದಿ, ಹಗ್ಗದ ಹುರಿ ಎಡಕ್ಕೋ ಬಲಕ್ಕೋ ಎಂಬುದು, ಗಂಟು ಎಷ್ಟು ಬಿಗಿ ಎಂಬುದು ಯಾವುದೂ ಸಿಗುವುದಿಲ್ಲ. ನಿಮಗೆ ದಕ್ಕುವುದು ಹೊರಗೆರೆ ಮಾತ್ರವಾದ್ದರಿಂದ ನೀವು ತೆಗೆದುಕೊಳ್ಳುವುದೂ ಅದನ್ನೇ. ಇನ್ನೊಂದು ಕಾರಣವಿದೆ, ಅದನ್ನು ನಿಮ್ಮ ಗೆಳತಿಗೂ ಹೇಳಿ. ಈಗ ಪೇಟೆಯಲ್ಲಿ ಸಿಗುವ ಹತ್ತಿಯ ಹುರಿ ಬಹುಪಾಲು ಮೂರು, ನಾಲ್ಕು ಮಿಲಿಮೀಟರು ದಪ್ಪದ, ಹಾಲುಬಿಳಿ ಬಣ್ಣದ, ಒಂದೇ ತೆರನಾದ ಸರಕು. ಎಲ್ಲರೂ ಕಲಿಯುವುದು ಮ್ಯಾಕ್ರಮೆಯ, ಅಂದರೆ ಹುರಿಗೆ ಗಂಟು ಹಾಕಿ ಹೆಣೆಯುವ ಕಲೆಯ, ಅವವೇ ನಾಲ್ಕೈದು ಗಂಟುಗಳನ್ನು. ಎಲ್ಲರೂ ಇಳಿಬಿಡುವುದು ಒಂದು ಮರದ ಕೋಲಿನಿಂದ. ಸರಕು, ಗಂಟು, ಆಧಾರ ಮೂರೂ ಒಂದೇ ಆದಾಗ, ಒಬ್ಬರನ್ನೊಬ್ಬರು ನೋಡದವರ ಕೃತಿಗಳೂ ಅಕ್ಕತಂಗಿಯರಂತೆ ಕಾಣುತ್ತವೆ. ನಿಮ್ಮ ಕೃತಿಗಳಲ್ಲಿ ಕಾಣುವ ಹೋಲಿಕೆಯ ದೊಡ್ಡ ಪಾಲು ಇಲ್ಲಿಂದ ಬಂದದ್ದಿರಬಹುದೆಂದು ನನ್ನ ಅನಿಸಿಕೆ. ಮನಸ್ಸಿಗಿಂತ ಮೊದಲು ಸರಕನ್ನು ಬದಲಾಯಿಸಿ ನೋಡಿ. ನಿಮ್ಮ ಸೀಮೆಯಲ್ಲೇ ಪುಂಡಿ ನಾರಿನ ಹಗ್ಗವಿದೆ, ಕತ್ತಾಳೆಯ ನಾರಿದೆ, ದಖ್ಖನಿ ಕುರಿಯ ಒರಟು ಕರಿಯ ಉಣ್ಣೆಯಿದೆ. ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ 1960ರ ದಶಕದಲ್ಲಿ, ಬಳಸಿ ಬಿಸಾಡಿದ ಕತ್ತಾಳೆ ಜಾತಿಯ ಹಗ್ಗಗಳನ್ನು ಬಂದರುಗಳಿಂದ ತಂದು, ಬಿಚ್ಚಿ, ನಾರಾಗಿಸಿ, ಬಣ್ಣ ಹಾಕಿ ನೇಯ್ದೇ ತಮ್ಮ ಬೃಹತ್ ಕೃತಿಗಳನ್ನು ಮಾಡಿದರು. ಅವುಗಳ ಗಾಂಭೀರ್ಯದಲ್ಲಿ ಆ ಒರಟು ನಾರಿನ ಪಾಲು ದೊಡ್ಡದು.

ನೋಡುವುದನ್ನು ಬಿಡಬೇಡಿ, ನೋಡುವ ಕ್ರಮ ಬದಲಿಸಿ. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ನೇಯ್ಗೆ ಕಲಿತು 1933ರಲ್ಲಿ ಅಮೆರಿಕೆಗೆ ಹೋದ ಆನಿ ಆಲ್ಬರ್ಸ್, ಪೆರುವಿನ ಪ್ರಾಚೀನ ನೇಕಾರರನ್ನು ತಮ್ಮ ಗುರುಗಳೆಂದೇ ಭಾವಿಸಿದವರು. ಅವರು ಆ ಬಟ್ಟೆಗಳ ಚಿತ್ತಾರವನ್ನು ಎತ್ತಿಕೊಳ್ಳಲಿಲ್ಲ. ಎಳೆಗಳು ಒಂದರ ಕೆಳಗೊಂದು ಹೇಗೆ ಹಾದುಹೋಗಿವೆ ಎಂಬುದನ್ನು ಓದಿದರು. ಮುಂಬೈನ ನೇಯ್ಗೆಯ ಕಲಾವಿದೆ ಮೋನಿಕಾ ಕೊರಿಯಾ ಮಗ್ಗದಲ್ಲಿ ನೇಯುವ ನಡುವೆ, ಹಾಸಿನ ಎಳೆಗಳನ್ನು ಸಮ ಅಂತರದಲ್ಲಿ ಹಿಡಿದಿಡುವ ಹಣಿಗೆಯನ್ನೇ ತೆಗೆದುಬಿಟ್ಟು, ಹಾಸಿನ ಎಳೆಗಳು ನೇರವಾಗಿ ನಿಲ್ಲದೆ ಅತ್ತಿತ್ತ ಸರಿಯಲು ಬಿಟ್ಟರು. ಅವರ ಕೃತಿಗಳಲ್ಲಿ ಮರದ ಕೊಂಬೆಗಳಂತೆ, ಹರಿವ ನೀರಿನಂತೆ ಕಾಣುವ ಗೆರೆಗಳು ಆ ಒಂದು ನಿರ್ಧಾರದಿಂದ ಬಂದವು. ಆದ್ದರಿಂದ ಯಾವುದೇ ಕೃತಿ ನಿಮ್ಮನ್ನು ಸೆಳೆದಾಗ ‘ಇದು ಏನು’ ಎಂದು ಕೇಳುವ ಬದಲು ‘ಇದರಲ್ಲಿ ಮೊದಲ ಎಳೆ ಎಲ್ಲಿ, ಭಾರ ಹೊತ್ತಿರುವುದು ಯಾವುದು, ಯಾವ ನಿಯಮ ಮುರಿದದ್ದರಿಂದ ಈ ಬಾಗು ಬಂತು’ ಎಂದು ಕೇಳಿ, ಉತ್ತರವನ್ನು ಬರೆದಿಡಿ. ಒಂದು ವಾರ ಬಿಟ್ಟು, ಚಿತ್ರವನ್ನು ಮತ್ತೆ ನೋಡದೆ, ಆ ಉತ್ತರವನ್ನಷ್ಟೇ ಇಟ್ಟುಕೊಂಡು ನಿಮ್ಮ ಸರಕಿನಲ್ಲಿ ಪ್ರಯತ್ನಿಸಿ. ಫಲ ಮೂಲದಂತೆ ಕಾಣುವುದು ಅಪರೂಪ.

ದಿನದ ಕೆಲಸಕ್ಕೆ ನಾನು ಸೂಚಿಸುವ ದಾರಿ ಸಣ್ಣ ಚೌಕಟ್ಟಿನದು. ಅಮೆರಿಕೆಯಲ್ಲಿ ಹುಟ್ಟಿ 1960ರ ದಶಕದಿಂದ ಪ್ಯಾರಿಸ್ಸಿನಲ್ಲಿ ನೆಲೆಸಿರುವ ಶೀಲಾ ಹಿಕ್ಸ್, ಕಟ್ಟಡದ ಗೋಡೆಯನ್ನೇ ತುಂಬುವಂಥ ಕೃತಿಗಳನ್ನು ಮಾಡಿದವರು. ಅವರು ಹೋದಲ್ಲೆಲ್ಲ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಚೌಕಟ್ಟು ಒಯ್ದು ಅಂಗೈಯಗಲದ ನೇಯ್ಗೆಗಳನ್ನು ಮಾಡುತ್ತ ಬಂದಿದ್ದಾರೆ. ಅವು ಅವರ ದಿನಚರಿಯೂ ಹೌದು, ಪ್ರಯೋಗಶಾಲೆಯೂ ಹೌದು. ನೀವೂ ಒಂದು ಗೇಣು ಚದರದ ಮರದ ಚೌಕಟ್ಟಿಗೆ ಸಾಲಾಗಿ ಮೊಳೆ ಬಡಿದುಕೊಳ್ಳಿ. ಒಂದು ತುಣುಕಿನಲ್ಲಿ ಒಂದೇ ಪ್ರಶ್ನೆ ಇರಲಿ. ಗವಂತಿಯ ಹೋಗಿ ಬರುವ ನಡಿಗೆಯನ್ನು ಬೆರಳು ದಪ್ಪದ ಪುಂಡಿ ಹಗ್ಗದಲ್ಲಿ ನಡೆಸಿದರೆ ಏನಾಗುತ್ತದೆ? ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಮಾಡಿದಾಗ, ಬಟ್ಟೆಯಲ್ಲಿ ಚಪ್ಪಟೆಯಾಗಿ ಕೂರುವ ಗೆರೆ ಹಗ್ಗದಲ್ಲಿ ಹಾಗೆ ಕೂರಲೊಲ್ಲದೆ, ಹಿಂದಿರುಗುವ ಹಗ್ಗ ಹೋದ ಹಗ್ಗವನ್ನು ಒತ್ತಿ ಮೇಲೆತ್ತಿ, ಮೂಲೆಮೂಲೆಯಲ್ಲೂ ಸಣ್ಣ ಕಮಾನುಗಳು ಎದ್ದುನಿಂತವು. ಆಕೆ ಅದನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಲು ಹೊರಟಿದ್ದಳು. ತಡೆದು, ಕಿಟಕಿಯ ಪಕ್ಕ ಹಿಡಿಯಲು ಹೇಳಿದೆ. ಕಮಾನುಗಳ ನೆರಳು ಹಿಂದಿನ ಗೋಡೆಯ ಮೇಲೆ ಬಿದ್ದು ಗೋಪುರದ ಎರಡನೆಯ ಸಾಲೊಂದು ಮೂಡಿತ್ತು. ಆಮೇಲಿನ ಅವಳ ಕೃತಿಗಳೆಲ್ಲ ಆ ನೆರಳಿನಿಂದಲೇ ಬೆಳೆದವು. ಅದನ್ನು ಯಾವ ಹಾಳೆಯ ಮೇಲೂ ಮುಂಚಿತವಾಗಿ ಬರೆಯಲು ಆಗುತ್ತಿರಲಿಲ್ಲ.

ಈ ದಾರಿಯಲ್ಲೂ ಎರಡು ಎಡರುಗಳಿವೆ. ತುಣುಕುಗಳ ಹಿತಕ್ಕೆ ಮನಸೋತು ದೊಡ್ಡದಕ್ಕೆ ಕೈಹಾಕದೆ ಉಳಿದುಬಿಡುವುದು ಒಂದು. ಇನ್ನೊಂದು, ಸಣ್ಣದರಲ್ಲಿ ನಿಂತದ್ದು ದೊಡ್ಡದರಲ್ಲಿ ನಿಲ್ಲುತ್ತದೆ ಎಂದು ನಂಬುವುದು. ಕೃತಿಯ ಉದ್ದ, ಅಗಲ, ಹಗ್ಗದ ದಪ್ಪ ಮೂರನ್ನೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಆ ತೂಕವನ್ನು ಹೊರುವ ಹಗ್ಗದ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಅಂದರೆ ಪ್ರತಿ ಎಳೆಯ ಮೇಲಿನ ಎಳೆತ ಇಮ್ಮಡಿಯಾಗುತ್ತದೆ. ಆದ್ದರಿಂದ ಗೇಣಿನಿಂದ ನೇರವಾಗಿ ಆಳೆತ್ತರಕ್ಕೆ ಹಾರದೆ ನಡುವೆ ಒಂದು ಮೊಳದ ಅಳತೆಯಲ್ಲಿ ಮಾಡಿ ನೋಡಿ.

ನಿಮ್ಮ ಕೃತಿ ಜೋತುಬಿದ್ದುದಕ್ಕೆ ಮಳೆಯೊಂದೇ ಕಾರಣವಲ್ಲ, ಆದರೆ ಮಳೆಗಾಲ ಅದನ್ನು ಬಯಲುಮಾಡಿತು. ಸಾಧಾರಣ ತೇವದ ಗಾಳಿಯಲ್ಲೇ ಹತ್ತಿ ತನ್ನ ಒಣತೂಕದ ಶೇಕಡಾ 8ರಷ್ಟು, ಸೆಣಬು ಶೇಕಡಾ 13ರಷ್ಟು, ಉಣ್ಣೆ ಶೇಕಡಾ 15ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಮಳೆಗಾಲದಲ್ಲಿ ಈ ಪ್ರಮಾಣ ಮತ್ತಷ್ಟು ಏರುತ್ತದೆ. ಹೀರಿದಾಗ ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಏರಿಳಿತ ಮರುಕಳಿಸಿದಂತೆಲ್ಲ, ತೂಗುವ ಭಾರದ ಕೆಳಗೆ ನಾರುಗಳು ಒಂದರ ಮೇಲೊಂದು ಜಾರುತ್ತವೆ, ಹುರಿ ಬಿಚ್ಚಿಕೊಳ್ಳುತ್ತದೆ, ಸಡಿಲ ಗಂಟುಗಳು ಕೆಳಮುಖವಾಗಿ ಬಿಗಿಯುತ್ತವೆ. ಮೂರು ಬಗೆಯ ನಾರನ್ನು ಒಂದೇ ಕೃತಿಯಲ್ಲಿ ಸೇರಿಸಿದ್ದೀರಿ. ಮೂರೂ ತಮ್ಮತಮ್ಮ ಲೆಕ್ಕದಲ್ಲಿ ಹಿಗ್ಗಿದ್ದರಿಂದ ಆಕಾರ ಓರೆಯಾಯಿತು. ಪರಿಹಾರ ಕೃತಿ ಆರಂಭಿಸುವ ಮೊದಲೇ ಇದೆ. ಹಗ್ಗವನ್ನು ನೀರಿನಲ್ಲಿ ನೆನೆಸಿ, ತುದಿಗೆ ಭಾರ ಕಟ್ಟಿ, ಎರಡು ಮೂರು ವಾರ ತೂಗುಬಿಟ್ಟು ಹಿಗ್ಗುವಷ್ಟು ಹಿಗ್ಗಿಸಿಕೊಳ್ಳಿ. ಭಾರ ಹೊರುವ ಹಗ್ಗವೆಲ್ಲ ಒಂದೇ ನಾರಿನದಾಗಿರಲಿ. ಬೇರೆ ನಾರುಗಳು ಅದರ ಮೇಲೆ ಸವಾರಿ ಮಾಡಲಿ. ತೀರಾ ತೂಕದ ಕೃತಿಯಾದರೆ ಒಳಗೆ ಕಬ್ಬಿಣದ ಆಧಾರ ಕೊಡಬಹುದು. ಮೃಣಾಲಿನಿಯವರೂ ತಮ್ಮ ನಿಂತ ಶಿಲ್ಪಗಳಿಗೆ ಲೋಹದ ಚೌಕಟ್ಟು ಬಳಸಿದ್ದಾರೆ. ಆದರೆ ಬರಿಯ ಕಬ್ಬಿಣ ತೇವದ ನಾರಿಗೆ ತಗುಲಿದರೆ ತುಕ್ಕಿನ ಕಲೆ ಹಿಡಿಯುತ್ತದೆ, ಆ ಕಲೆ ಹೋಗುವುದಿಲ್ಲ, ಅಲ್ಲಿಯ ನಾರು ಕ್ರಮೇಣ ಪುಡಿಯಾಗುತ್ತದೆ. ಬಣ್ಣ ಬಳಿದು, ಮೇಲೆ ಬಟ್ಟೆ ಸುತ್ತಿಯೇ ಬಳಸಿ.

ಗೋಪುರ, ತೇರುಗಳ ಪ್ರಶ್ನೆಗೆ ಬರುತ್ತೇನೆ. ಒಬ್ಬ ಕಲಾವಿದರ ಸ್ವಂತ ಕೃತಿಗೆ ನಮ್ಮ ಕಾನೂನಿನ ಪ್ರಕಾರ ಅವರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಕೃತಿಸ್ವಾಮ್ಯವಿರುತ್ತದೆ. ಅಂಥ ಕೃತಿಯನ್ನು ಕಲಿಯುವುದಕ್ಕೆಂದು ಮನೆಯಲ್ಲಿ ಮಾಡಿ ನೋಡುವುದರಲ್ಲಿ ಹಾನಿಯಿಲ್ಲ, ಅದು ಒಳ್ಳೆಯ ಅಭ್ಯಾಸವೂ ಹೌದು. ಆದರೆ ಅದನ್ನು ನಿಮ್ಮದೆಂದು ತೋರಿಸಬಾರದು, ಮಾರಬಾರದು. ಕಸೂತಿಯ ಗೋಪುರದ ಮಾತು ಬೇರೆ. ಅದು ತಲೆಮಾರುಗಳು ಸೇರಿ ಕಟ್ಟಿದ್ದು, ನಿಮ್ಮ ಸೋದರತ್ತೆಯ ಮೂಲಕ ನಿಮ್ಮ ಕೈಗೆ ಬಂದದ್ದು. ನೀವು ಅದರ ವಾರಸುದಾರರಲ್ಲಿ ಒಬ್ಬರು. ಕಸೂತಿಗೆ 1999ರ ಕಾಯಿದೆಯಡಿ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದು ಕಾಯುವುದು ಕಸೂತಿ ಎಂಬ ಹೆಸರನ್ನು, ಅಂದರೆ ಬೇರೆ ಬಗೆಯ ಕೆಲಸವನ್ನು ಕಸೂತಿ ಎಂದು ಮಾರದಂತೆ. ಆದ್ದರಿಂದ ಹಗ್ಗದ ಕೃತಿಯನ್ನು ಕಸೂತಿ ಎಂದು ಕರೆಯದೆ, ಕಸೂತಿಯ ಗೋಪುರದಿಂದ ಬೆಳೆದದ್ದು ಎಂದು ಬರೆಯಿರಿ. ಕಾನೂನಿಗಿಂತ ನನಗೆ ಮುಖ್ಯವಾಗಿ ಕಾಣುವ ಅಪಾಯ ಬೇರೆಯದು. ಗೋಪುರದ ಹೊರಗೆರೆಯನ್ನು ಹಾಗೆಯೇ ದೊಡ್ಡದು ಮಾಡಿ ಹಗ್ಗದಲ್ಲಿ ಹಾಕಿದರೆ ಅದು ಕೇವಲ ಗುರುತಿನ ಚೀಟಿಯಾಗುತ್ತದೆ. ಗೋಪುರವನ್ನು ಕಟ್ಟಿದ ನಡಿಗೆಯನ್ನು, ಎರಡೂ ಮೈ ಒಂದೇ ಆಗಿರಬೇಕೆಂಬ ಹಟವನ್ನು ತೆಗೆದುಕೊಂಡರೆ, ಗೋಡೆಗೆ ಆನಿಸದೆ ಕೋಣೆಯ ನಡುವೆ ತೂಗಿ ಎರಡೂ ಕಡೆಯಿಂದ ನೋಡಬಹುದಾದ ಕೃತಿ ಹುಟ್ಟೀತು.

ನಿಮ್ಮದಲ್ಲದ ಪರಂಪರೆಯನ್ನು ಮುಟ್ಟುವಾಗ ಮಾತ್ರ ಹೆಚ್ಚು ಎಚ್ಚರ ಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು ಹತ್ತಿರ ಕೂತು ನೋಡಿದ್ದೇನೆ. ಅವರು ಅಂಚಿನಿಂದ ಆರಂಭಿಸಿ, ಹಳೆಯ ಬಟ್ಟೆಯ ತುಂಡುಗಳನ್ನು ಸುತ್ತಲೂ ಜೋಡಿಸಿ ಹೊಲಿಯುತ್ತ ನಡುವಿಗೆ ಬರುತ್ತಾರೆ; ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿದ ತ್ರಿಕೋನದ ಹೂಗಳನ್ನಿಟ್ಟರೇ ಕೌದಿ ಪೂರ್ಣವಾದಂತೆ. ಎದುರಿಗೆ ನಕ್ಷೆಯಿಲ್ಲ, ಕೈಗೆ ಸಿಕ್ಕ ಚಿಂದಿಯ ಬಣ್ಣ ಮುಂದಿನ ತುಂಡನ್ನು ನಿರ್ಧರಿಸುತ್ತದೆ. ಅವರಿಂದ ಕಲಿಯಲು ಬಹಳವಿದೆ. ಆದರೆ ಕಲಿತದ್ದನ್ನು ಕೃತಿಗೆ ತಂದರೆ ಅವರ ಹೆಸರು ಹೇಳಬೇಕು, ಅವರು ಹೊಲಿದುಕೊಟ್ಟರೆ ಕೂಲಿಯ ಜೊತೆ ಕೃತಿಯ ಕೆಳಗೆ ಅವರ ಹೆಸರೂ ಇರಬೇಕು. ಸಂಡೂರಿನ ಲಂಬಾಣಿ ಹೆಂಗಸರ ಹೊಲಿಗೆಗೂ ಇದೇ ಮಾತು.

ಕಲಾ ಶಾಲೆಗೆ ಸೇರುವುದು ಬಿಡುವುದು ನಿಮ್ಮ ಮನೆಯ ಅನುಕೂಲಕ್ಕೆ ಬಿಟ್ಟದ್ದು. ಚಿತ್ರ ಬರೆಯುವುದು ಕಣ್ಣನ್ನು ಹರಿತಗೊಳಿಸುತ್ತದೆ ಎಂಬುದು ನಿಜ. ಅದಿಲ್ಲದೆ ನಾರಿನ ಕಲಾವಿದೆ ಆಗಲಾರಿರಿ ಎಂಬುದು ನಿಜವಲ್ಲ. ಹಣ, ಸಮಯ ಸೀಮಿತವಾಗಿದ್ದರೆ ನಾನು ಮೊದಲು ಚಳ್ಳಕೆರೆ ಕಡೆಯ ಕಂಬಳಿ ನೇಕಾರರ ಬಳಿ ಕೆಲವು ದಿನ ಕೂತುಬರಲು ಹೇಳುತ್ತೇನೆ. ಹುಣಸೆ ಬೀಜದ ಗಂಜಿ ಹಚ್ಚಿದ ಒರಟು ಉಣ್ಣೆಯ ಹಾಸು ಹೇಗೆ ಬಿಗಿಯಾಗಿ ನಿಲ್ಲುತ್ತದೆ ಎಂಬುದನ್ನು ಕೈಯಿಂದ ಮುಟ್ಟಿ ತಿಳಿದರೆ ನಿಮ್ಮ ಉಣ್ಣೆಯ ಅರ್ಧ ತೊಂದರೆಗಳಿಗೆ ಉತ್ತರ ಸಿಗುತ್ತದೆ.

ಪ್ರದರ್ಶನಕ್ಕೆ ಕೃತಿ ಕೊಡಿ. ದೊಡ್ಡದನ್ನು ಅವಸರದಲ್ಲಿ ಮುಗಿಸುವುದು ಬೇಡ. ಒಂಬತ್ತೋ ಹನ್ನೆರಡೋ ಸಣ್ಣ ತುಣುಕುಗಳನ್ನು, ಒಂದೇ ಪ್ರಶ್ನೆಯನ್ನು ಬೆನ್ನಟ್ಟಿದವುಗಳನ್ನು ಆಯ್ದು, ಗೋಡೆಯಿಂದ ಎರಡು ಬೆರಳು ದೂರದಲ್ಲಿ, ಪಕ್ಕದಿಂದ ಬೆಳಕು ಬೀಳುವಂತೆ ತೂಗುಹಾಕಿಸಿ. ಬೆಳಕು ಹದವಾಗಿರಲೆಂದು ಸಂಘಟಕರಿಗೆ ಮೊದಲೇ ಹೇಳಿ. ವಸ್ತುಸಂಗ್ರಹಾಲಯಗಳು ಬಟ್ಟೆ, ನೂಲಿನ ವಸ್ತುಗಳಿಗೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ನಿಮಗೆ ಅಷ್ಟು ಕಟ್ಟುನಿಟ್ಟು ಸಾಧ್ಯವಾಗದಿದ್ದರೂ ನೇರ ಬಿಸಿಲು ಬೀಳುವ ಗೋಡೆಯನ್ನು ಒಪ್ಪಿಕೊಳ್ಳಬೇಡಿ. ಮನೆಯಲ್ಲಿ ಬಣ್ಣ ಹಾಕಿದ ನೂಲಿದ್ದರೆ ಅರಿಸಿನದ ಹಳದಿ ಬೆಳಕಿಗೆ ಬೇಗ ಕಳೆಗುಂದುತ್ತದೆ, ಬೀಟ್‌ರೂಟಿನ ಕೆಂಪು ನಿಲ್ಲುವುದೇ ಇಲ್ಲ. ಕೆಂಪು ಬೇಕಿದ್ದರೆ ಮಂಜಿಷ್ಠವನ್ನೂ ಹಳದಿ ಬೇಕಿದ್ದರೆ ದಾಳಿಂಬೆ ಸಿಪ್ಪೆಯನ್ನೂ ಬಳಸಿ. ಹತ್ತಿಯ ನೂಲಾದರೆ ಬಣ್ಣಕ್ಕೆ ಮೊದಲು ಅಳಲೆಕಾಯಿಯ ಒಗರಿನಲ್ಲೂ ಆಮೇಲೆ ಪಟಿಕದ ನೀರಿನಲ್ಲೂ ನೆನೆಸಿ, ಉಣ್ಣೆಗೆ ಪಟಿಕವೊಂದೇ ಸಾಕು. ಪ್ರತಿ ತುಣುಕಿನ ಹಿಂದೆ ನಾರು ಯಾವುದು, ಬಣ್ಣ ಯಾವುದು, ಮಾಡಿದ ತಿಂಗಳು ಯಾವುದು ಎಂಬುದನ್ನು ಸಣ್ಣ ಬಟ್ಟೆಯ ಚೀಟಿಯಲ್ಲಿ ಹೊಲಿದಿಡಿ. ಮಾರಾಟಕ್ಕೆ ಇಡುವುದಾದರೆ ಕೊಳ್ಳುವವರಿಗೂ ಆ ವಿವರ ಬೇಕಾಗುತ್ತದೆ.